ಖಾಡಿಯ ಫ್ಲೆಮಿಂಗೊಗಳೂ ಶೇ. 95ರ ಲೆಕ್ಕವೂ

ಠಾಣೆ ಖಾಡಿಯಲ್ಲಿ ನೀರಿಳಿದು ಕೆಸರು ಬಯಲಾಗುತ್ತಲೇ ಫ್ಲೆಮಿಂಗೊಗಳು ಮೇಯಲು ಇಳಿಯುತ್ತವೆ. ತಲೆ ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ, ನಾಲಿಗೆಯಿಂದ ನೀರನ್ನು ಎಳೆದು ತಳ್ಳುತ್ತ, ಕೊಕ್ಕಿನಂಚಿನ ಜಾಲರಿಯಲ್ಲಿ ಪಾಚಿ ಸೋಸಿಕೊಳ್ಳುತ್ತವೆ. ಭರತ ಏರಿದರೆ ನವಿ ಮುಂಬೈಯ ಸೀವುಡ್ಸ್ ಕಡೆಯ ಕೊಳಗಳಿಗೆ ಹಾರುತ್ತವೆ. ಈ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿತು. ಅಂದಮೇಲೆ ಹಕ್ಕಿಗಳೆಷ್ಟು, ಕಡಿಮೆಯಾಗುತ್ತಿವೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ.

ಎಲ್ಲವನ್ನೂ ಎಣಿಸಲಾಗದು. ಕೆಸರುಬಯಲನ್ನು ಸಮನಾದ ಚೌಕಗಳಾಗಿಸಿ, ಚೀಟಿ ಎತ್ತಿ 100 ಚೌಕ ಆರಿಸಿದೆವೆನ್ನೋಣ. ಚೌಕಕ್ಕೆ ಸರಾಸರಿ 400 ಹಕ್ಕಿ ಸಿಕ್ಕಿತು. ಹಿಂಡುಗಟ್ಟುವ ಹಕ್ಕಿಯಾದ್ದರಿಂದ ಒಂದು ಚೌಕ ಗಿಜಿಗಿಜಿ, ಪಕ್ಕದ್ದು ಖಾಲಿ. ಈ ಏರುಪೇರಿನ ಅಳತೆಯಾದ ಮಾನಕ ವಿಚಲನೆ 300 ಇರಲಿ. ಅದನ್ನು 100ರ ವರ್ಗಮೂಲದಿಂದ ಭಾಗಿಸಿದರೆ 30, ಅದರ ಎರಡರಷ್ಟು 60. ಸರಾಸರಿಯಿಂದ ಅಷ್ಟು ಆಚೀಚೆ ಹೋದರೆ ಸಿಗುವುದೇ ಶೇ. 95ರ ವಿಶ್ವಾಸಾಂತರ: 340ರಿಂದ 460.

ನಿಜವಾದ ಸರಾಸರಿ ಈ 340–460ರೊಳಗೆ ಇರುವ ಸಂಭವ ಶೇ. 95 ಎಂದು ಬಹುತೇಕರು ಓದಿಕೊಳ್ಳುತ್ತಾರೆ. 1937ರಲ್ಲಿ ಈ ವಿಧಾನ ಕೊಟ್ಟ ಸಂಖ್ಯಾಶಾಸ್ತ್ರಜ್ಞ ನೇಮನ್ ಹೇಳಿದ್ದು ಬೇರೆ. ಹೀಗೇ ಮತ್ತೆ ಮತ್ತೆ ಚೀಟಿ ಎತ್ತಿ ಎಣಿಸಿದರೆ, ಪ್ರತಿಸಲವೂ ಬೇರೆ ಅಂತರ ಬರುತ್ತದೆ, ಅವುಗಳಲ್ಲಿ ಶೇ. 95ರಷ್ಟು ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ. ಆ ಭರವಸೆ ವಿಧಾನದ್ದು, ಕೈಗೆ ಸಿಕ್ಕ ಒಂದು ಅಂತರದ್ದಲ್ಲ.

ಹೋದ ವರ್ಷ ಇದೇ ರೀತಿ ಎಣಿಸಿದಾಗ 470 ಬಂದಿತ್ತೆನ್ನಿ. 70 ಕಡಿಮೆ! ಶೂನ್ಯ ಪ್ರಾಕ್ಕಲ್ಪನೆ ಅನ್ನುವುದು ‘ಏನೂ ಬದಲಾಗಿಲ್ಲ’ ಎಂದು. ಅದೇ ನಿಜವಾಗಿದ್ದರೂ ಬರೀ ಚೀಟಿಯಾಟದಿಂದ ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವ ಸಂಭವ ಸುಮಾರು ಶೇ. 10. ವಾಡಿಕೆಯ ಗಡಿ ಶೇ. 5. ಹಾಗಾಗಿ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುವಂತಿಲ್ಲ. ಜೌಗನ್ನು ಮುಚ್ಚಿ ಕಟ್ಟಡ ಎಬ್ಬಿಸುವವರಿಗೆ ಇಷ್ಟೇ ಸಾಕು: “ಹಕ್ಕಿ ಕಡಿಮೆಯಾಗಿಲ್ಲವಂತೆ!” ಪರೀಕ್ಷೆ ಹಾಗೆ ಹೇಳಿಯೇ ಇಲ್ಲ. ವ್ಯತ್ಯಾಸದ ವಿಶ್ವಾಸಾಂತರ ತೆಗೆದು ನೋಡಿ: 15ರ ಏರಿಕೆಯಿಂದ 155ರ ಇಳಿಕೆಯವರೆಗೆ ಚಾಚಿದೆ. ಮೂರರಲ್ಲೊಂದು ಪಾಲು ಹಕ್ಕಿ ಕಾಣೆಯಾಗಿದ್ದರೂ ಈ ಲೆಕ್ಕಕ್ಕೆ ಅದು ಒಪ್ಪಿಗೆಯೇ. ನನ್ನ ಕೇಳಿದರೆ, ವರದಿಯಲ್ಲಿ ಮೊದಲು ಅಚ್ಚಾಗಬೇಕಾದ್ದು ಈ ಅಂತರ.

ಅಂತರದ ಅಗಲ ಅರ್ಧವಾಗಬೇಕಾದರೆ ಚೌಕಗಳು ನಾಲ್ಕುಪಟ್ಟಾಗಬೇಕು. ಲೆಕ್ಕದ ಜಾಣತನದಿಂದ ಎಣಿಕೆಯ ಶ್ರಮ ಸ್ವಲ್ಪ ಉಳಿಸಬಹುದು, ಆದರೆ ಅದಕ್ಕೂ ಮಿತಿಯುಂಟು. ಇರುವ ಮಾಹಿತಿಯಿಂದ ಪಕ್ಷಪಾತವಿಲ್ಲದ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದನ್ನು 1945ರಲ್ಲಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಹಾಗಾಗಿ ಹೆಚ್ಚುಕಡಿಮೆ 400 ಚೌಕ ಎಣಿಸಲೇಬೇಕು, ಅದೂ ಭರತ ಏರುವ ಮುಂಚೆ. ತಡವಾದರೆ ಅದೇ ಹಕ್ಕಿ ಎರಡು ಚೌಕದ ಲೆಕ್ಕಕ್ಕೆ ಬಿದ್ದೀತು.