ಬ್ರೌಸರ್‌ನೊಳಗೆ ಓಡುವ ಹಳೆಯ ಫೋರ್ಟ್ರಾನ್

ಈಗ ಏನನ್ನೂ ಇನ್‌ಸ್ಟಾಲ್ ಮಾಡದೆ, ಬ್ರೌಸರ್‌ನಲ್ಲಿ ಒಂದು ಪುಟ ತೆರೆದು ಪೈಥಾನ್ ಕೋಡ್ ಬರೆಯಬಹುದು. ದೊಡ್ಡ ದೊಡ್ಡ ಸಮೀಕರಣಗಳನ್ನು ಅಲ್ಲೇ ಬಿಡಿಸಬಹುದು. ಸರ್ವರ್ ಬೇಡ, ದುಬಾರಿ ಲ್ಯಾಪ್‌ಟಾಪೂ ಬೇಡ. 2018ರಲ್ಲಿ ಮೊಜಿಲ್ಲಾದಲ್ಲಿ ಶುರುವಾದ ಪಯೋಡೈಡ್ ಎಂಬ ಯೋಜನೆಯಿಂದ ಇದು ಸಾಧ್ಯವಾಯಿತು. ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಕಂಪ್ಯೂಟರುಗಳನ್ನೇ ನೆಚ್ಚಿಕೊಂಡಿರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಆ ಲೆಕ್ಕವನ್ನು ನಿಜವಾಗಿ ಮಾಡುವುದು ಪೈಥಾನ್ ಅಲ್ಲ. ಪೈಥಾನಿನ ಸೈಪೈ ಎಂಬ ವಿಜ್ಞಾನ ಲೈಬ್ರರಿ ಭಾರವಾದ ಗಣಿತ ಬಂದಾಗಲೆಲ್ಲ ಕೆಲಸವನ್ನು ಬೇರೆ ಭಾಷೆಗಳಲ್ಲಿ ಬರೆದ ಹಳೆಯ ಕೋಡಿಗೆ ಒಪ್ಪಿಸುತ್ತಾ ಬಂದಿದೆ. ಅದರಲ್ಲಿ ದೊಡ್ಡ ಪಾಲು ಬಹುಕಾಲ ಫೋರ್ಟ್ರಾನ್ ಆಗಿತ್ತು. ಐಬಿಎಂನಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಹೊರತಂದ ಭಾಷೆ ಅದು. ಅದರಲ್ಲೇ ಬರೆದ, ಸಮೀಕರಣ ಬಿಡಿಸುವ ಲ್ಯಾಪ್ಯಾಕ್ ಎಂಬ ಕೋಡ್ ಸಂಗ್ರಹ 1992ರಲ್ಲಿ ಬಂತು. ಅದರ ಪ್ರಸಿದ್ಧ ಸಬ್‌ರೂಟೀನ್ ಒಂದರ ಹೆಸರು ಡಿಜಿಇಎಸ್‌ವಿ. ಆ ಕಾಲದ ಫೋರ್ಟ್ರಾನಿನಲ್ಲಿ ಹೆಸರು ಆರು ಅಕ್ಷರ ಮೀರುವಂತಿರಲಿಲ್ಲ. ಆದ್ದರಿಂದಲೇ ಈ ಬಿಗಿ ಹೆಸರುಗಳು. ದಶಕಗಳ ಕಾಲ ಗಣಿತಜ್ಞರು ಉಜ್ಜಿ ಉಜ್ಜಿ ತಿದ್ದಿದ ಕೋಡ್ ಅದು. ಅದನ್ನು ಬಿಸಾಡಿ ಹೊಸದು ಬರೆಯುತ್ತೇನೆ ಎನ್ನುವವರು ಅದರೊಳಗಿನ ಎಚ್ಚರಿಕೆಗಳನ್ನೆಲ್ಲ ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ.

ಸಾಮಾನ್ಯ ಕಂಪ್ಯೂಟರಿನಲ್ಲಾದರೆ ಎರಡು ಭಾಷೆಗಳನ್ನು ಜೋಡಿಸುವುದು ಕಷ್ಟವಲ್ಲ. ಫೋರ್ಟ್ರಾನನ್ನು ಅದರ ಕಂಪೈಲರಿಗೆ ಕೊಟ್ಟು, ನಡುವೆ ಒಂದು ತೆಳು ಪದರ ಬರೆದರೆ ಪೈಥಾನ್ ಅದನ್ನು ಕರೆಯುತ್ತದೆ. ತೊಡಕು ಬಂದದ್ದು ಬ್ರೌಸರಿನಲ್ಲಿ. 2017ರ ಹೊತ್ತಿಗೆ ಪ್ರಮುಖ ಬ್ರೌಸರುಗಳೆಲ್ಲ ವೆಬ್‌ಅಸೆಂಬ್ಲಿ ಎಂಬ ಹೊಸ ಸೂಚನಾ ರೂಪವನ್ನು ಒಪ್ಪಿಕೊಂಡವು. ಸಿ ಕೋಡನ್ನು ಅದಕ್ಕೆ ಇಳಿಸುವ ಎಮ್‌ಸ್ಕ್ರಿಪ್ಟನ್ ಆಗಲೇ ಇತ್ತು. ಫೋರ್ಟ್ರಾನಿಗೆ ಮಾತ್ರ ನಂಬಿಕೊಳ್ಳುವಂಥ ದಾರಿ ಇರಲಿಲ್ಲ. ಪಯೋಡೈಡ್ ತಂಡ ಆಗ ನೆಚ್ಚಿಕೊಂಡದ್ದು ಎಫ್‌ಟುಸಿ ಎಂಬ, 1990ರ ಸುಮಾರಿನ ಅನುವಾದಕವನ್ನು. ಫೋರ್ಟ್ರಾನ್ 77 ಕೊಟ್ಟರೆ ಸಿ ಕೋಡ್ ಕೊಡುವ ಈ ಪ್ರೋಗ್ರಾಮನ್ನು ಸ್ಟುವರ್ಟ್ ಫೆಲ್ಡ್‌ಮನ್, ಡೇವಿಡ್ ಗೇ, ಮಾರ್ಕ್ ಮೈಮೋನ್, ನಾರ್ಮನ್ ಶ್ರೈಯರ್ ಸೇರಿ ಬರೆದಿದ್ದರು. ಇವರಲ್ಲಿ ಮೈಮೋನ್ ಮುಂದೆ ನಾಸಾದ ಜೆಪಿಎಲ್ ಪ್ರಯೋಗಾಲಯ ಸೇರಿ ಮಂಗಳನ ಮೇಲಿನ ರೋವರುಗಳನ್ನು ಓಡಿಸುವ ಕೆಲಸ ಮಾಡಿದರು.

ಎಫ್‌ಟುಸಿ ಮಾಡಿಕೊಟ್ಟ ಸಿ ಕೋಡನ್ನು ಒಮ್ಮೆ ತೆರೆದು ನೋಡಬೇಕು. ಫೋರ್ಟ್ರಾನಿನಲ್ಲಿ ಅರೇಯ ಮೊದಲ ಸ್ಥಾನ 1, ಸಿಯಲ್ಲಿ 0. ಪ್ರತಿ ಸಾಲಿನಲ್ಲೂ ಒಂದು ಕಳೆಯುತ್ತಾ ಕೂರುವ ಬದಲು ಎಫ್‌ಟುಸಿ ಫಂಕ್ಷನ್ನಿನ ಆರಂಭದಲ್ಲೇ ಅರೇಯ ವಿಳಾಸವನ್ನು ಹಿಂದಕ್ಕೆ ಸರಿಸಿಬಿಡುತ್ತದೆ. ಅಲ್ಲಿಂದ ಮುಂದೆ ಮೂಲದ 1, 2, 3 ಇದ್ದ ಹಾಗೇ ನಡೆಯುತ್ತದೆ. ಜಾಣತನದ ಉಪಾಯ. ಆದರೆ ಹೀಗೆ ಅರೇಯ ಆಚೆಗೆ ವಿಳಾಸ ಸರಿಸುವುದನ್ನು ಸಿಯ ನಿಯಮ ಒಪ್ಪುವುದಿಲ್ಲ. ನಡೆಯುತ್ತದೆ ಎಂಬ ರೂಢಿಯ ಬಲದ ಮೇಲೆ ನಡೆಯುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಆ ಕೋಡ್ ಓದುವುದು ಯಾರಿಗಾದರೂ ಪ್ರಯಾಸ.

ವೆಬ್‌ಅಸೆಂಬ್ಲಿಯಲ್ಲಿ ಇನ್ನೊಂದು ಪೇಚು ಹೊರಬಿತ್ತು. ಏನನ್ನೂ ಹಿಂದಿರುಗಿಸದ ಫೋರ್ಟ್ರಾನ್ ಸಬ್‌ರೂಟೀನನ್ನು ಎಫ್‌ಟುಸಿ ಪೂರ್ಣಾಂಕ ಹಿಂದಿರುಗಿಸುವ ಫಂಕ್ಷನ್ನಾಗಿ ಬರೆಯುತ್ತದೆ. ಅದನ್ನು ಕರೆಯುವ ಕೋಡ್ ಏನೂ ಬರುವುದಿಲ್ಲ ಎಂದುಕೊಂಡಿರುತ್ತದೆ. ಮಾಮೂಲಿ ಪ್ರೊಸೆಸರುಗಳು ಇದನ್ನು ಲೆಕ್ಕಿಸದೆ ಮುಂದೆ ಹೋಗುತ್ತಿದ್ದವು. ವೆಬ್‌ಅಸೆಂಬ್ಲಿ ಹಾಗಲ್ಲ: ಕರೆಯುವವರ ಮತ್ತು ಕರೆಸಿಕೊಳ್ಳುವವರ ಘೋಷಣೆ ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಪಯೋಡೈಡ್ ತಂಡದವರು ಅನುವಾದಗೊಂಡ ಕಡತಗಳನ್ನು ತಿದ್ದಲೆಂದೇ ಪ್ರತ್ಯೇಕ ಸ್ಕ್ರಿಪ್ಟ್ ಬರೆದುಕೊಂಡು ಇಟ್ಟುಕೊಳ್ಳಬೇಕಾಯಿತು. ಹೀಗೆ ಕುಳಿತು ಒಂದೊಂದನ್ನೇ ಸರಿಪಡಿಸಿದವರ ಶ್ರಮದಿಂದ ಇವತ್ತಿನ ಆ ಬ್ರೌಸರ್ ಪುಟ ಓಡುತ್ತಿದೆ. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತೂ ಇಲ್ಲ.

ವಾಕ್ಯರಚನೆಯನ್ನು ಬದಲಿಸುವುದು ಕೋಡ್ ಅನುವಾದದ ಸುಲಭದ ಭಾಗ. ಕಷ್ಟವಿರುವುದು ಎರಡು ಭಾಷೆಗಳಲ್ಲೂ ಒಂದೇ ಥರ ಕಾಣುವ ಕಡೆ. ಮೈನಸ್ 7ನ್ನು 2ರಿಂದ ಪೂರ್ಣಾಂಕವಾಗಿ ಭಾಗಿಸಿ ನೋಡಿ. ಪೈಥಾನ್ ಮೈನಸ್ 4 ಎನ್ನುತ್ತದೆ, ಸಿ ಮತ್ತು ಜಾವಾ ಮೈನಸ್ 3 ಎನ್ನುತ್ತವೆ. ಪೈಥಾನಿನ ಪೂರ್ಣಾಂಕ ಮೆಮೊರಿ ಇರುವಷ್ಟೂ ಬೆಳೆಯುತ್ತದೆ. ಜಾವಾದ 32 ಬಿಟ್ ಪೂರ್ಣಾಂಕ ಮಿತಿ ದಾಟಿದ ಕ್ಷಣ ಋಣಸಂಖ್ಯೆಯತ್ತ ಹೊರಳುತ್ತದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿರುವ ಬ್ಯಾಂಕುಗಳ ಕೋಡನ್ನು ಜಾವಾಕ್ಕೆ ತರುವಾಗಲೂ ಇದೇ ಭಯ. ಕೋಬಾಲ್ ರೂಪಾಯಿ ಪೈಸೆಯನ್ನು ದಶಮಾಂಶದಲ್ಲೇ ಇಡುತ್ತದೆ. ಅದನ್ನು ಜಾವಾದ ಡಬಲ್ ಎಂಬ ದ್ವಿಮಾನ ಸಂಖ್ಯಾ ರೂಪಕ್ಕೆ ಹಾಕಿದರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಸಿಗುವುದಿಲ್ಲ. ಯಂತ್ರ ಹೀಗೆ ಸಾಲಿಗೆ ಸಾಲು ಅನುವಾದಿಸಿದ ಜಾವಾಕ್ಕೆ ಈ ಕ್ಷೇತ್ರದವರು ಜೋಬಾಲ್ ಎಂದೇ ಹೆಸರಿಟ್ಟಿದ್ದಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ವಿದೇಶಿ ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಳ್ಳುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಅನುವಾದದ ಕೆಲಸಕ್ಕೆ ಈಗ ಎಐ ಕೂಡ ಬಂದಿದೆ. 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಟ್ರಾನ್ಸ್‌ಕೋಡರ್ ಎಂಬ ಮಾದರಿಯನ್ನು ಪ್ರಕಟಿಸಿದರು. ಸಿ++, ಜಾವಾ, ಪೈಥಾನ್ ನಡುವೆ ಜೋಡಿ ಉದಾಹರಣೆಗಳಿಲ್ಲದೆಯೇ ಅದು ಅನುವಾದ ಕಲಿತಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2024ರಲ್ಲಿ ಸಿ ಕೋಡನ್ನು ರಸ್ಟ್ ಭಾಷೆಗೆ ತರುವ ಟ್ರ್ಯಾಕ್ಟರ್ ಕಾರ್ಯಕ್ರಮ ಘೋಷಿಸಿತು. ಈಗಂತೂ ಯಾವ ಎಐ ಸಹಾಯಕನನ್ನು ಕೇಳಿದರೂ ಅನುವಾದ ಕ್ಷಣದಲ್ಲಿ ಸಿದ್ಧ. ಎಫ್‌ಟುಸಿಗಿಂತ ಅಂದವಾದ, ಮನುಷ್ಯರು ಬರೆದಂತೆ ಕಾಣುವ ಕೋಡನ್ನೇ ಅವು ಕೊಡುತ್ತವೆ. ನನಗೆ ಅಳುಕು ಇರುವುದೇ ಅಲ್ಲಿ. ಎಫ್‌ಟುಸಿಯ ಕೋಡ್ ಕುರೂಪಿಯಾದರೂ ಅದು ಗೊತ್ತಿರುವ ನಿಯಮಕ್ಕೆ ಬದ್ಧ. ಅದೇ ಫೋರ್ಟ್ರಾನ್ ಕೊಟ್ಟರೆ ಅದೇ ಸಿ ಬರುತ್ತದೆ. ಅಂದದ ಕೋಡಿನಲ್ಲಿ ಅಡಗಿದ ಆ ಮೈನಸ್ 3 ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಈ ಕೆಲಸಕ್ಕಿಳಿಯುವ ಯುವ ಎಂಜಿನಿಯರುಗಳಲ್ಲಿ ಒಂದು ಮನವಿ. ಅನುವಾದಕ್ಕೂ ಮೊದಲು ಹಳೆಯ ಕೋಡಿಗೆ ಟೆಸ್ಟ್‌ಗಳನ್ನು ಬರೆಯಿರಿ. ಋಣಸಂಖ್ಯೆ, ಸೊನ್ನೆ, ಮಿತಿಯಂಚಿನ ಸಂಖ್ಯೆ, ಖಾಲಿ ಅರೇ ಎಲ್ಲವನ್ನೂ ಕೊಟ್ಟು ಹಳತು ಏನು ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಹಳತು ಹೊಸತು ಎರಡನ್ನೂ ಒಟ್ಟಿಗೆ ಓಡಿಸಿ ತಾಳೆ ನೋಡಿ. ಕಲಿಯುವ ಆಸೆಯಿದ್ದರೆ ಲ್ಯಾಪ್ಯಾಕ್, ಸೈಪೈ, ಪಯೋಡೈಡ್ ಮೂರರ ಮೂಲ ಕೋಡೂ ಯಾರು ಬೇಕಾದರೂ ಓದುವಂತೆ ಉಚಿತವಾಗಿದೆ. ಡಿಜಿಇಎಸ್‌ವಿಯಿಂದಲೇ ಶುರುಮಾಡಿ.