ಗಾಳಿಗೆ ಓಡುವ ಪುಟ್ಟ ಹಾಯಿದೋಣಿ: ಹವ್ಯಾಸವಿರಲಿ, ಎಚ್ಚರವೂ ಇರಲಿ

ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಉದ್ಯಾನದಲ್ಲಿ ರೌಂಡ್ ಪಾಂಡ್ ಎಂಬ ಕೊಳವಿದೆ. 1730ರಲ್ಲಿ ಎರಡನೇ ಜಾರ್ಜ್ ದೊರೆಯ ಕಾಲದಲ್ಲಿ ತೋಡಿಸಿದ ಕೊಳ ಅದು. ತಲೆಮಾರುಗಳಿಂದಲೂ ಅಲ್ಲಿ ಮಕ್ಕಳು, ಮುದುಕರು ಎನ್ನದೆ ಜನ ಆಟದ ಹಾಯಿದೋಣಿಗಳನ್ನು ತೇಲಿಬಿಡುತ್ತಾ ಬಂದಿದ್ದಾರೆ. ನನ್ನ ಅಣ್ಣನ ಮನೆ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಅಮ್ಮಿ ತೀರಿಹೋದ ಮೇಲೆ ಅಣ್ಣ ಅಬ್ಬಾರನ್ನು ಆರು ತಿಂಗಳಿಗೆಂದು ತನ್ನಲ್ಲಿಗೆ ಕರೆಸಿಕೊಂಡಿದ್ದ. ನಲ್ವತ್ತು ವರ್ಷ ಮರದ ಕೆಲಸ ಮಾಡಿದ ಕೈಗಳು ಅಬ್ಬಾರವು. ಅಲ್ಲಿ ಅವರಿಗೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬಳಿ ಕೂತಿರುತ್ತಾರೆ, ಊಟವೂ ಕಡಿಮೆಯಾಗಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳುವಾಗ ನಮಗೆಲ್ಲ ಆತಂಕವಾಗುತ್ತಿತ್ತು.

ಒಂದು ದಿನ ಮೊಮ್ಮಗ ಅವರ ಕೈಹಿಡಿದು ಆ ಕೊಳದ ಬಳಿ ಕರೆದೊಯ್ದ. ಆಳೆತ್ತರದ ಬಿಳಿ ಹಾಯಿಯ ದೋಣಿಯೊಂದು ನೀರನ್ನು ಸೀಳಿಕೊಂಡು ಹೋಗಿ, ತಟ್ಟನೆ ತಿರುಗಿ, ಹೊರಟಲ್ಲಿಗೇ ಮರಳಿತು. "ಇದರ ಮೋಟಾರ್ ಎಲ್ಲಿದೆ?" ಎಂದು ಅಬ್ಬಾ ಕೇಳಿದರಂತೆ. "ಮೋಟಾರ್ ಇಲ್ಲ ದಾದಾ, ಬರೀ ಗಾಳಿ" ಎಂದನಂತೆ ಮೊಮ್ಮಗ. ಆ ರಾತ್ರಿ ಅಬ್ಬಾ ಹಳೆಯ ಲಕೋಟೆಯ ಹಿಂಬದಿಯಲ್ಲಿ ದೋಣಿಯ ಚಿತ್ರ ಬರೆಯುತ್ತಾ ಕೂತಿದ್ದರು. ತಿಂಗಳುಗಳ ನಂತರ ಅವರು ಮೊದಲ ಬಾರಿಗೆ ಪೆನ್ಸಿಲ್ ಹಿಡಿದಿದ್ದರು.

ಏನಿದು ದೋಣಿ?

ರೇಡಿಯೋ ಮೂಲಕ ದೋಣಿ ನಡೆಸುವ ವಿದ್ಯೆ ಹೊಸದಲ್ಲ. 1898ರಲ್ಲಿ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ನಡೆಯುವ ಪುಟ್ಟ ದೋಣಿಯನ್ನು ಜನರೆದುರು ಓಡಿಸಿ ತೋರಿಸಿದ್ದರು. ಇಂದು ಹವ್ಯಾಸಿಗಳ ಕೈಯಲ್ಲಿರುವುದು ಅದೇ ತತ್ವದ ಸರಳ ರೂಪ.

ಈ ದೋಣಿಗಳಲ್ಲಿ ಸಾಮಾನ್ಯವಾಗಿ ಎರಡೇ ನಿಯಂತ್ರಣ. ಒಂದು ಚುಕ್ಕಾಣಿಯನ್ನು ಎಡಬಲಕ್ಕೆ ತಿರುಗಿಸುತ್ತದೆ. ಇನ್ನೊಂದು ಹಾಯಿಯ ಹಗ್ಗವನ್ನು ಬಿಗಿ ಮಾಡುತ್ತದೆ, ಇಲ್ಲವೇ ಸಡಿಲ ಬಿಡುತ್ತದೆ. ಓಟಕ್ಕೆ ಬೇಕಾದ ಬಲವೆಲ್ಲ ಗಾಳಿಯದು. ಗಾಳಿ ಬೀಸಿ ಬರುವ ದಿಕ್ಕಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಾ ಮುಂದೆ ಸಾಗಬೇಕು. ದೋಣಿ ಮಗುಚದಂತೆ ಅಡಿಯಲ್ಲಿ ಉದ್ದನೆಯ ರೆಕ್ಕೆ, ಅದರ ತುದಿಯಲ್ಲಿ ಸೀಸದ ಗುಂಡು ಇರುತ್ತದೆ.

ಸ್ಪರ್ಧೆಗೆಂದೇ ಅಳತೆ ನಿಗದಿಯಾದ ಹಲವು ವರ್ಗಗಳಿವೆ. ಅಮೆರಿಕದ ಮಾರ್ಬಲ್‌ಹೆಡ್ ಊರಿನಲ್ಲಿ 1930ರಲ್ಲಿ ಹುಟ್ಟಿದ ವರ್ಗಕ್ಕೆ ಆ ಊರಿನ ಹೆಸರೇ ಉಳಿದಿದೆ. ಅದರ ಉದ್ದ 50 ಇಂಚು. 1988ರಲ್ಲಿ ಬಂದ 'ಇಂಟರ್‌ನ್ಯಾಷನಲ್ ಒನ್ ಮೀಟರ್' ವರ್ಗದ ದೋಣಿ 1 ಮೀಟರ್ ಮೀರುವಂತಿಲ್ಲ, 4 ಕಿಲೋಗಿಂತ ಹಗುರವಾಗುವಂತಿಲ್ಲ. ಖರ್ಚು ಮಿತಿಮೀರದಿರಲಿ ಎಂದು ಒಡಲಿಗೆ, ಕೂವೆಮರಕ್ಕೆ ದುಬಾರಿ ಕಾರ್ಬನ್ ಬಳಸುವುದನ್ನು ಅದರ ನಿಯಮ ತಡೆದಿದೆ. ಅರ್ಜೆಂಟೀನಾದಲ್ಲಿ ಹುಟ್ಟಿದ 'ಆರ್‌ಜಿ 65' 65 ಸೆಂಟಿಮೀಟರಿನದು. ಚಿಕ್ಕ ಮನೆಯವರಿಗೂ ಹೊಸಬರಿಗೂ ಇದು ಅನುಕೂಲ.

ದೇಹಕ್ಕೂ ಮನಸ್ಸಿಗೂ ಏನು ಲಾಭ?

ಕೈಬೆರಳುಗಳಿಗೆ ಸೂಕ್ಷ್ಮ ಕೆಲಸ, ಮನಸ್ಸಿಗೆ ಒಂದು ಗುರಿ, ನಾಳೆ ಬೆಳಿಗ್ಗೆ ಏಳಲು ಒಂದು ಕಾರಣ. ನಿವೃತ್ತರಿಗೂ ಸಂಗಾತಿಯನ್ನು ಕಳೆದುಕೊಂಡವರಿಗೂ ಇವು ಸಣ್ಣ ಸಂಗತಿಗಳಲ್ಲ. ದೋಣಿಯ ಜೊತೆಜೊತೆಗೆ ದಡದಲ್ಲಿ ಹೆಜ್ಜೆ ಹಾಕುವುದರಿಂದ ಗೊತ್ತಿಲ್ಲದಂತೆಯೇ ನಡಿಗೆಯಾಗುತ್ತದೆ. ನಡೆಯಲಾಗದವರು ಗಾಲಿಕುರ್ಚಿಯಲ್ಲಿ ಕೂತೂ ದೋಣಿ ನಡೆಸಬಹುದು; ಹತ್ತು ವರ್ಷದ ಹುಡುಗನ ಜೊತೆ ಎಪ್ಪತ್ತರ ಅಜ್ಜ ಸರಿಸಮವಾಗಿ ಸ್ಪರ್ಧಿಸಬಹುದು.

ಮಕ್ಕಳಿಗೆ ಇನ್ನೊಂದು ಲಾಭವಿದೆ. ದಿನವೂ ಹೊರಗಿನ ಬೆಳಕಿನಲ್ಲಿ ಸಮಯ ಕಳೆಯುವ ಮಕ್ಕಳಲ್ಲಿ ದೂರದೃಷ್ಟಿ ಮಂಜಾಗುವ ಸಮಸ್ಯೆ ಶುರುವಾಗುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ತೈವಾನ್ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ನಡೆಸಿದೆ. ಮೊಬೈಲ್ ಕಸಿದುಕೊಂಡು ಗದರುವ ಬದಲು ಕೈಗೆ ದೋಣಿಯ ರಿಮೋಟ್ ಕೊಟ್ಟು ನೋಡಿ!

ಆದರೆ ಈ ಹವ್ಯಾಸವನ್ನು ಮನೆಯೊಳಗೆ ತರುವ ಮುನ್ನ ತಿಳಿಯಬೇಕಾದ ಕೆಲವು ಸಂಗತಿಗಳಿವೆ. ನಮ್ಮ ಮನೆಯವರು ಅವನ್ನು ಒಂದೊಂದಾಗಿ, ಕಷ್ಟಪಟ್ಟೇ ಕಲಿತರು.

ಸೀಸ: ಅಡುಗೆಮನೆಗೆ ಬೇಡವೇ ಬೇಡ

ದೋಣಿಯ ಅಡಿಗುಂಡನ್ನು ತಾವೇ ಎರಕ ಹೊಯ್ಯುವುದಾಗಿ ಅಬ್ಬಾ ಹೇಳಿದರು. ಹಳೆಯ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟೂ ಆಗಿತ್ತು. ಎಂಟು ತಿಂಗಳ ಮೊಮ್ಮಗಳು ಅದೇ ನೆಲದಲ್ಲಿ ಅಂಬೆಗಾಲಿಡುತ್ತಿದ್ದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅತ್ತಿಗೆ ಓಡಿಬಂದು ಒಲೆ ಆರಿಸಿದರು. "ನಲ್ವತ್ತು ವರ್ಷ ದುಡಿದವನಿಗೆ ನೀನು ಕೆಲಸ ಕಲಿಸುತ್ತೀಯಾ?" ಎಂದು ಅಬ್ಬಾ ಸಿಟ್ಟಾದರು. ಎರಡು ದಿನ ಮಾತಿಲ್ಲ.

ಮೂರನೆಯ ದಿನ ಅತ್ತಿಗೆ ಅವರ ಪಕ್ಕ ಕೂತು ನಿಧಾನವಾಗಿ ವಿವರಿಸಿದರು. ಸೀಸಕ್ಕೆ 'ಇಷ್ಟಿದ್ದರೆ ಅಪಾಯವಿಲ್ಲ' ಎನ್ನುವಂಥ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಪ್ರಮಾಣದ ಸೀಸ ಹೊಟ್ಟೆ ಸೇರಿದರೆ ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಹಾನಿ ಕಣ್ಣಿಗೆ ಕಾಣುವುದಿಲ್ಲ, ಆದದ್ದು ಮರಳಿ ಸರಿಹೋಗುವುದೂ ಇಲ್ಲ. ಗರ್ಭಿಣಿಯರಿಗೂ ಅಷ್ಟೇ ಅಪಾಯ. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಚ್ಚಿನಲ್ಲಿ ತುಸು ತೇವವಿದ್ದರೂ ಆವಿ ಸಿಡಿದು ಕರಗಿದ ಲೋಹ ಮುಖಕ್ಕೆ ಎರಚಬಹುದು.

ಅಬ್ಬಾ ಮೊಮ್ಮಗಳ ಮುಖ ನೋಡಿದರು. ಮರುದಿನ ತಾವೇ ಹೇಳಿ ಸಿದ್ಧ ಗುಂಡನ್ನು ತರಿಸಿಕೊಂಡರು. ಸಿದ್ಧವಾಗಿ ಬಂದ ಗುಂಡಿಗೂ ಬಣ್ಣದ ಲೇಪ ಹಾಕಬೇಕು. ಅದನ್ನು ಮುಟ್ಟಿದ ಮೇಲೆ ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಮನೆಯೊಳಗೆ ಅದನ್ನು ಉಜ್ಜಿ ಪುಡಿ ಎಬ್ಬಿಸಬಾರದು.

ಅಂಟು ಮತ್ತು ಧೂಳು

ಒಡಲಿಗೆ ಗಾಜಿನ ನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಹಚ್ಚುತ್ತಾರೆ. ಅಣ್ಣ ಕೈಗವಸಿಲ್ಲದೆ ವಾರಗಟ್ಟಲೆ ಆ ಕೆಲಸ ಮಾಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಮಣಿಕಟ್ಟಿನಲ್ಲಿ ತುರಿಕೆ, ಕೆಂಪು ಗುಳ್ಳೆ. ಚರ್ಮವೈದ್ಯರು ಇದು ಎಪಾಕ್ಸಿಯ ಅಲರ್ಜಿ ಎಂದರು. ಇದರ ಸ್ವಭಾವವೇ ಹಾಗೆ: ಬಹುದಿನ ಸುಮ್ಮನಿದ್ದು ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ತುಸು ತಗುಲಿದರೂ ಸಾಕು.

ಆದ್ದರಿಂದ ಮೊದಲ ದಿನದಿಂದಲೇ ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಚರ್ಮಕ್ಕೆ ತಗುಲಿದ ಅಂಟನ್ನು ಥಿನ್ನರ್, ಅಸಿಟೋನ್‌ಗಳಿಂದ ಒರೆಸಬೇಡಿ. ಅವು ಚರ್ಮದ ಎಣ್ಣೆಯಂಶ ತೆಗೆದು ಅಂಟು ಒಳಗಿಳಿಯಲು ದಾರಿ ಮಾಡುತ್ತವೆ. ಕಾಗದದಿಂದ ಒರೆಸಿ ಸಾಬೂನು ನೀರಿನಿಂದ ತೊಳೆಯಿರಿ. ಒಣಗಿದ ಅಂಟಿನ ಪದರ ವುಝೂವಿನ ನೀರನ್ನೂ ತಡೆಯುತ್ತದೆ. ಅದನ್ನು ಕೆರೆದು ತೆಗೆಯಹೋಗಿ ಗಾಯ ಮಾಡಿಕೊಳ್ಳುವುದಕ್ಕಿಂತ ಕೈಗವಸು ಹಾಕುವುದು ಎಷ್ಟೋ ಸುಲಭ.

ಸೂಪರ್‌ಗ್ಲೂನಿಂದ ಬೆರಳುಗಳು ಅಂಟಿಕೊಂಡರೆ ಎಳೆದು ಬಿಡಿಸಬೇಡಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಹೊರಳಿಸಿ ಬಿಡಿಸಿ. ಹತ್ತಿಬಟ್ಟೆಯ ಮೇಲೆ ಈ ಅಂಟು ಚೆಲ್ಲಿದರೆ ಬಿಸಿಯೇರಿ ಚರ್ಮ ಸುಡಬಹುದು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ಬಿಡಿಸದೆ ಬೆಚ್ಚನೆಯ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ.

ಗಾಜಿನ ನಾರನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ಚುಚ್ಚುವಂಥದ್ದು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದು ಬಹಳ ಕಡಿಮೆ. ಎನ್95 ಮಾಸ್ಕ್ ಹಾಕಿಕೊಳ್ಳಿ. ಆದರೆ ಅದು ಧೂಳನ್ನು ತಡೆಯುತ್ತದೆಯೇ ಹೊರತು ಅಂಟಿನ ಆವಿಯನ್ನಲ್ಲ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ. ಆಸ್ತಮಾ ಇದ್ದವರು ಹಾಗೂ ಮಕ್ಕಳು ಈ ಹಂತದ ಕೆಲಸದಿಂದ ದೂರವಿದ್ದು, ಹಾಯಿ ಕತ್ತರಿಸುವುದು, ಹಗ್ಗ ಕಟ್ಟುವುದು, ಬಣ್ಣ ಆರಿಸುವುದು ಮುಂತಾದ ಕೆಲಸ ಮಾಡಬಹುದು.

ಬ್ಯಾಟರಿ

ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಆದರೆ ಏಟು ಬಿದ್ದರೆ ಅಥವಾ ಮಿತಿಮೀರಿ ಚಾರ್ಜ್ ಆದರೆ ಹೊತ್ತಿಕೊಳ್ಳಬಹುದು. ಅದಕ್ಕೆ ಹೊಂದುವ ಚಾರ್ಜರನ್ನೇ ಬಳಸಿ. ಟೈಲ್ಸ್ ನೆಲದ ಮೇಲಿಟ್ಟು, ಎಚ್ಚರವಿದ್ದಾಗ ಮಾತ್ರ ಚಾರ್ಜ್ ಮಾಡಿ. ಹಾಸಿಗೆಯ ಮೇಲೆ, ರಾತ್ರಿ ಮಲಗುವಾಗ ಬೇಡ. ಉಬ್ಬಿದ ಬ್ಯಾಟರಿಯನ್ನು ಮತ್ತೆಂದೂ ಚಾರ್ಜ್ ಮಾಡಬೇಡಿ. ಹೊಸಬರಿಗೆ ರೀಚಾರ್ಜ್ ಮಾಡಬಹುದಾದ ನಿಕ್ಕಲ್ ಸೆಲ್‌ಗಳೇ ಸಾಕು, ಅಪಾಯವೂ ಕಡಿಮೆ.

ನೀರು: ದೋಣಿಗಿಂತ ಜೀವ ದೊಡ್ಡದು

ಆರು ತಿಂಗಳ ನಂತರ ಅಬ್ಬಾ ದೋಣಿಯೊಂದಿಗೆ ಕರಾವಳಿಯ ನಮ್ಮ ಊರಿಗೆ ಮರಳಿದರು. ಕೇರಿಯ ಮಕ್ಕಳೆಲ್ಲ ಅವರ ಹಿಂದೆ ಕೆರೆಯ ದಂಡೆಗೆ ಹೊರಡುತ್ತಿದ್ದರು. ಮಳೆಗಾಲ ಶುರುವಾದ ಮೇಲೊಂದು ದಿನ ಬ್ಯಾಟರಿ ಮುಗಿದು ದೋಣಿ ಕೆರೆಯ ನಡುವೆ ನಿಂತಿತು. ಯಾರಿಗೂ ಹೇಳದೆ ಅಬ್ಬಾ ಸೊಂಟದ ನೀರಿಗಿಳಿದು ತಂದರು. ಅಂಗಾಲಿನಲ್ಲಿ ಚಿಪ್ಪು ತಾಗಿದ ಸಣ್ಣ ಗಾಯ, ಯಾರೂ ಲೆಕ್ಕಕ್ಕಿಡಲಿಲ್ಲ. ಹತ್ತನೆಯ ದಿನ ಜೋರು ಜ್ವರ, ಮೀನಖಂಡದಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪು. ಎರಡು ದಿನ ಮಾತ್ರೆ ನುಂಗಿ ಕಾದೆವು. ಅದು ನಮ್ಮ ತಪ್ಪು. ಮೂರನೆಯ ದಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಇತ್ತೀಚೆಗೆ ನಿಂತ ನೀರಿಗೆ ಇಳಿದಿದ್ದರೇ?"

ಅದು ಇಲಿಜ್ವರವಾಗಿತ್ತು. ಇಲಿ ಮತ್ತಿತರ ಪ್ರಾಣಿಗಳ ಮೂತ್ರದಿಂದ ನೀರು ಸೇರುವ ರೋಗಾಣು ಗಾಯದ ಮೂಲಕ, ಕಣ್ಣು ಬಾಯಿಗಳ ಮೂಲಕ ದೇಹ ಹೊಗುತ್ತದೆ. ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತು ಕೆಡಬಹುದು. ಅಬ್ಬಾ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆ ಒಂಬತ್ತು ದಿನ ನಮಗೆ ಒಂಬತ್ತು ವರ್ಷವಾಗಿತ್ತು.

ನೀರಿನ ಬಳಿ ಈ ಐದು ಮಾತು ನೆನಪಿಡಿ:

1. ದೋಣಿಗಾಗಿ ನೀರಿಗಿಳಿಯಬೇಡಿ. ಟೆನಿಸ್ ಚೆಂಡಿಗೆ ಗಾಳದ ದಾರ ಕಟ್ಟಿ ದೋಣಿಯ ಆಚೆಗೆ ಎಸೆದು, ದಾರ ಸಿಕ್ಕಿಸಿ ಮೆಲ್ಲನೆ ಎಳೆದುಕೊಳ್ಳಿ. ಇಲ್ಲವೇ ಕಾದಿರಿ; ಗಾಳಿ ಅದನ್ನು ಯಾವುದಾದರೊಂದು ದಡಕ್ಕೆ ತಲುಪಿಸುತ್ತದೆ.

2. ಮಕ್ಕಳನ್ನು ಒಂಟಿಯಾಗಿ ಕೆರೆಯ ಬಳಿ ಬಿಡಬೇಡಿ. ದೋಣಿ ನೋಡುವವರೊಬ್ಬರು, ಮಕ್ಕಳನ್ನು ನೋಡುವವರೊಬ್ಬರು ಇರಲಿ. ಕಲ್ಲುಕೋರೆಯ ಹೊಂಡ, ಪಾಚಿಗಟ್ಟಿದ ಮೆಟ್ಟಿಲು ಬೇಡವೇ ಬೇಡ.

3. ಕೈಕಾಲಿನಲ್ಲಿ ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ. ದೋಣಿಯನ್ನು ನೀರಿಗೆ ಬಿಡುವಾಗ, ಎತ್ತುವಾಗ ಗಂಬೂಟು ಇರಲಿ. ಹಸಿರು ಕೆನೆಗಟ್ಟಿ ವಾಸನೆ ಬರುವ ನೀರನ್ನು ಮುಟ್ಟಬೇಡಿ.

4. ಮನೆಗೆ ಬಂದೊಡನೆ, ತಿನ್ನುವ ಮೊದಲು, ಸಾಬೂನಿನಿಂದ ಕೈಕಾಲು ತೊಳೆಯಿರಿ. ದೋಣಿಯನ್ನೂ ಶುದ್ಧ ನೀರಿನಿಂದ ತೊಳೆದು, ಒಳಗಿನ ನೀರು ಬಸಿದು ಒಣಗಿಸಿ.

5. ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಯಬೇಡಿ. ನೀರಿಗಿಳಿದ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಬಿಸಿಲಿಗೆ ಟೋಪಿ, ಕುಡಿಯಲು ನೀರಿನ ಬಾಟಲಿ, ಸಕ್ಕರೆ ಕಾಯಿಲೆಯವರಿಗೆ ಜೇಬಿನಲ್ಲೊಂದು ತಿನಿಸು ಮತ್ತು ಕಾಲಿಗೆ ಗಟ್ಟಿ ಪಾದರಕ್ಷೆ ಮರೆಯಬೇಡಿ.

ಅಬ್ಬಾ ಆಸ್ಪತ್ರೆಯಿಂದ ಬಂದಾಗ ದೋಣಿಯನ್ನು ಅಟ್ಟಕ್ಕೇರಿಸಬೇಕೆಂದು ನಾನು ಹಟ ಹಿಡಿದಿದ್ದೆ. ಅವರು ಏನೂ ಹೇಳದೆ ಮತ್ತೆ ಕಿಟಕಿಯ ಬಳಿ ಕೂತರು. ಅದನ್ನು ಕಂಡ ಮೇಲೆ ನನ್ನ ಹಟ ಎರಡು ದಿನವೂ ನಿಲ್ಲಲಿಲ್ಲ. ದೋಣಿಯನ್ನು ಅಟ್ಟದಿಂದ ಇಳಿಸಿ, ಜೊತೆಗೆ ಒಂದು ಜೊತೆ ಗಂಬೂಟು, ದಾರ ಕಟ್ಟಿದ ಟೆನಿಸ್ ಚೆಂಡನ್ನು ತಂದು ಅವರ ಮುಂದಿಟ್ಟೆ. ಮಳೆಗಾಲ ಮುಗಿಯುವವರೆಗೆ ಕೆರೆಗೆ ಹೋಗುವುದಿಲ್ಲ, ಹೋದಾಗಲೂ ನೀರಿಗಿಳಿಯುವುದಿಲ್ಲ ಎಂದು ಮಾತು ಕೊಟ್ಟರು. ಈಗ ಜಗಲಿಯಲ್ಲಿ ಕೇರಿಯ ಮಕ್ಕಳಿಗೆ ಹಾಯಿ ಕತ್ತರಿಸಲು ಕಲಿಸುತ್ತಿದ್ದಾರೆ. ಕೆಲಸ ಮುಗಿದೊಡನೆ ಎಲ್ಲರನ್ನೂ ಸಾಲಾಗಿ ನಲ್ಲಿಯ ಬಳಿ ನಿಲ್ಲಿಸಿ ಕೈ ತೊಳೆಸುವವರೂ ಅವರೇ.