ವಾಹನದ ಬಿಡಿಭಾಗಗಳ ಪರೀಕ್ಷೆ

ಸಾರಕ್ಕಿಯ ಮೆಕ್ಯಾನಿಕ್ಕನು ಸ್ಕೂಟರಿನ ಸವೆದ ಬ್ರೇಕ್ ಶೂವನ್ನು ಕಳಚಿ, "ಒರಿಜಿನಲ್ ಹಾಕಲೋ ಸ್ವಾಮಿ, ಲೋಕಲ್ ಸಾಕೋ?" ಎಂದು ಕೇಳುವನು. ಈ ಪ್ರಶ್ನೆಯಲ್ಲಿ ಎರಡು ವಿಚಾರಗಳು ಬೆರೆತುಹೋಗಿವೆ: ವಸ್ತುವು ಎಲ್ಲಿಯದು, ಮತ್ತು ಎಂತಹದು.

ವಾಹನ ತಯಾರಕರು ಎಲ್ಲ ಭಾಗಗಳನ್ನೂ ತಾವೇ ಮಾಡುವುದಿಲ್ಲವೆಂಬುದನ್ನು ಶ್ರೋತೃಗಳು ಮೊದಲು ನೆನೆಯಬೇಕು. 1951ರಲ್ಲಿ ಸ್ಥಾಪಿತವಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಮೈಕೋ ಸಂಸ್ಥೆಯು ಇತರರ ಎಂಜಿನ್ನುಗಳಿಗೆ ಸ್ಪಾರ್ಕ್ ಪ್ಲಗ್ಗನ್ನೂ ಇಂಧನ ಪಂಪನ್ನೂ ಒದಗಿಸಿತು. ಇಂತಹ ಕಾರ್ಖಾನೆಯು ತನ್ನ ಸ್ವಂತ ಹೆಸರಿನಲ್ಲಿ ಮಾರುವ ವಸ್ತುವು ವಾಹನ ಕಂಪನಿಯ ಪೆಟ್ಟಿಗೆಯಲ್ಲಿ ಬಾರದ ಮಾತ್ರಕ್ಕೆ ಕೀಳಾಗದು. ಪರರ ಹೆಸರನ್ನು ಕದ್ದು ಬರುವ ಮಾಲಿಗೆ ಅಂಜಬೇಕು.

ಜೆ.ಸಿ. ರಸ್ತೆಯಂತಹ ಪೇಟೆಯಲ್ಲಿ ಸಂಖ್ಯೆಯನ್ನು ತೋರಿಸಿ ನಂಬಿಸುವವರುಂಟು. ಬೇರಿಂಗಿನ ಮೇಲಣ 6204ರಲ್ಲಿ ಕೊನೆಯ 04ನ್ನು ಐದರಿಂದ ಗುಣಿಸಿದರೆ ಒಳರಂಧ್ರದ ವ್ಯಾಸವು 20 ಮಿಲಿಮೀಟರ್ ಎಂದು ತಿಳಿಯುವುದು. ಅದು ಅಳತೆಯೇ ಹೊರತು ಕುಲಗೋತ್ರವಲ್ಲ. ನಕಲಿಯೂ ಅದನ್ನೇ ಧರಿಸಬಲ್ಲುದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ವಯಸ್ಸನ್ನು ಹೇಳುವುವು: 2319 ಎಂದರೆ 2019ರ 23ನೆಯ ವಾರ. ಐ.ಎಸ್.ಐ. ಮುದ್ರೆಯಿದ್ದಲ್ಲಿ ಅದರ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆಪ್‌ನಲ್ಲಿ ಪರೀಕ್ಷಿಸಬಹುದು. ಆಮದಾದ ಪೊಟ್ಟಣದ ಮೇಲೆ ಆಮದುದಾರನ ವಿಳಾಸವೂ ದೇಶದ ಹೆಸರೂ ಇರಬೇಕೆಂಬುದು ಕಾನೂನು. "ಜಪಾನಿನದು ಸಾರ್" ಎಂಬ ಬಾಯಿಮಾತು ಸಾಲದು.

ಲೈನಿಂಗಿನ ಅಂಚು ಎದ್ದಿರುವ ಬ್ರೇಕ್ ಶೂವನ್ನು ಕಣ್ಣೇ ತಿರಸ್ಕರಿಸುವುದು. ಆದರೆ ಕಾದಾಗ ಅದರ ಹಿಡಿತವು ಎಷ್ಟು ಉಳಿಯುವುದೆಂಬುದು ಯಾವ ಕಣ್ಣಿಗೂ ಕಾಣದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಹನಕ್ಕೆ ಬ್ರೇಕನ್ನು ಬಿಲ್ಲು ಕೊಡುವ ಅಧಿಕೃತ ಮಾರಾಟಗಾರರಲ್ಲಿಯೇ ಕೊಳ್ಳತಕ್ಕದ್ದು. ಸೀಟಿನ ಹೊದಿಕೆಗಾದರೆ ಲೋಕಲ್ ಸಾಕು.